ಕುಕೀ ಎಂಬ ಚೀಟಿ: ಧಾರಣೆಯ ಪುಟವನ್ನು ಸ್ಕ್ರಿಪ್ಟಿನಿಂದ ತರಿಸುವ ಸದಸ್ಯರಿಗೆ

ದಿನದ ಧಾರಣೆ ನೋಡಿಕೊಳ್ಳುವುದು ಬೆಳೆಗಾರರಿಗೆ ಹೊಸ ಸಂಗತಿಯಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಪೂರ್ತಿ ಕೊನೆಗೊಂಡ ಮೇಲೆ, ಯಾವಾಗ ಮಾರಬೇಕೆಂಬ ತೀರ್ಮಾನ ಕಾಫಿ ಬೆಳೆಗಾರರ ಪಾಲಿಗೇ ಬಂತು. ಅಡಿಕೆಯವರಿಗೆ ಈ ಚಿಂತೆ ಮೊದಲಿನಿಂದಲೂ ಇದ್ದದ್ದೇ. ಈಗ ಧಾರಣೆಯು ಜಾಲತಾಣಗಳಲ್ಲಿ ದೊರೆಯುತ್ತದೆ. ಅದನ್ನು ದಿನವೂ ನೋಡಿ ಪುಸ್ತಕಕ್ಕೆ ಇಳಿಸಿಕೊಳ್ಳುವ ಬದಲು, ಕಂಪ್ಯೂಟರಿಗೆ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಮಾಡಬೇಕಾದ ಕೆಲಸಗಳ ಆದೇಶಪಟ್ಟಿ, ಬರೆದುಕೊಟ್ಟರೆ ಸಂಜೆಯ ಹೊತ್ತಿಗೆ ಪುಟ ತಾನಾಗಿಯೇ ಬಂದು ಕಡತದಲ್ಲಿ ಸೇರುತ್ತದೆ. ಓದಿಕೊಂಡ ಮಕ್ಕಳಿರುವ ಮನೆಗಳಲ್ಲಿ ಇದೇನೂ ಕಷ್ಟದ ಕೆಲಸವಲ್ಲ.

ಆದರೆ ಹೆಸರು, ಪಾಸ್‌ವರ್ಡ್ ಕೇಳುವ ತಾಣಗಳಲ್ಲಿ ಒಂದು ತೊಡಕು ಬರುತ್ತದೆ. ಬ್ರೌಸರಿನಲ್ಲಿ ಸರಿಯಾಗಿ ಕಾಣುವ ಧಾರಣೆಯ ಪುಟವನ್ನು ಸ್ಕ್ರಿಪ್ಟಿನಿಂದ ತರಿಸಿದರೆ, ಪ್ರತಿ ಸಲವೂ ಲಾಗಿನ್ ಪುಟವೇ ಬಂದು ಕೂರುತ್ತದೆ. ಇದಕ್ಕೆ ಕಾರಣ ಹೆಚ್ಚಾಗಿ ಕುಕೀ. ಅದರ ಸ್ವಭಾವವನ್ನು ಅರಿತುಕೊಂಡರೆ ತೊಡಕು ಬಿಡಿಸುವುದು ಸುಲಭ. ಅದನ್ನು ಕಾಪಾಡಿಕೊಳ್ಳಬೇಕಾದ ಅಗತ್ಯವೂ ಆಗ ಮನವರಿಕೆಯಾಗುತ್ತದೆ.

ಸರ್ವರಿಗೆ ನೆನಪಿಲ್ಲ

ಜಾಲತಾಣವನ್ನು ನಡೆಸುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಅದಕ್ಕೂ ಬ್ರೌಸರಿಗೂ ನಡುವಿನ ವ್ಯವಹಾರಕ್ಕೆ ಎಚ್‌ಟಿಟಿಪಿ ಎಂಬ ನಿಯಮಾವಳಿ ಇದೆ. ಈ ನಿಯಮದಲ್ಲಿ ಪ್ರತಿಯೊಂದು ಕೋರಿಕೆಯೂ ಬಿಡಿ ಬಿಡಿ. ಒಂದು ನಿಮಿಷದ ಹಿಂದೆ ಬಂದವರೇ ಮತ್ತೆ ಬಂದರೂ ಸರ್ವರಿಗೆ ಅವರು ಹೊಸಬರೇ.

ಮಂಡಿಯಲ್ಲಿ ಮಾಲು ಇಳಿಸಿದಾಗ ಗುಮಾಸ್ತರು ತೂಗಿ, ಪುಸ್ತಕದಲ್ಲಿ ಬರೆದುಕೊಂಡು, ನಂಬರು ಹಾಕಿದ ಚೀಟಿ ಕೊಡುತ್ತಾರೆ. ಮಾರನೆಯ ದಿನ ಬೇರೆ ಗುಮಾಸ್ತರಿದ್ದರೂ ಚೀಟಿ ತೋರಿಸಿದರೆ ಪುಸ್ತಕ ತೆಗೆದು ಲೆಕ್ಕ ಹೇಳುತ್ತಾರೆ. ಕುಕೀ ಎಂಬುದು ಇಂಥದೇ ಚೀಟಿ. ಲಾಗಿನ್ ಆದ ಕೂಡಲೇ ಸರ್ವರು ಒಂದು ಉದ್ದನೆಯ ನಂಬರನ್ನು ಬ್ರೌಸರಿನ ಕೈಗೆ ಕೊಡುತ್ತದೆ. ಆಮೇಲಿನ ಪ್ರತಿ ಕೋರಿಕೆಯ ಜೊತೆಗೂ ಬ್ರೌಸರು ಅದನ್ನು ತೋರಿಸುತ್ತದೆ. ಸಾಮಾನ್ಯವಾಗಿ ಚೀಟಿಯಲ್ಲಿ ಇರುವುದು ನಂಬರು ಮಾತ್ರ, ವಿವರವೆಲ್ಲ ಸರ್ವರಿನ ಪುಸ್ತಕದಲ್ಲಿರುತ್ತದೆ.

ಈ ಏರ್ಪಾಡನ್ನು 1994ರಲ್ಲಿ ರೂಪಿಸಿದವರು ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ. ಅಂತರಜಾಲದ ಅಂಗಡಿಯಲ್ಲಿ ಗಿರಾಕಿ ಆರಿಸಿದ ಸಾಮಾನು ಯಾವುದೆಂದು ನೆನಪಿಡುವುದು ಹೇಗೆಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವಿದು. ಪ್ರೋಗ್ರಾಮು ಬರೆಯುವವರಲ್ಲಿ ಆಗಲೇ ಬಳಕೆಯಲ್ಲಿದ್ದ 'ಮ್ಯಾಜಿಕ್ ಕುಕೀ' ಎಂಬ ಮಾತಿನಿಂದ ಈ ಹೆಸರು ಬಂತು.

ಸ್ಕ್ರಿಪ್ಟ್ ಮಾಡಬೇಕಾದ ಕೆಲಸ

ಬ್ರೌಸರು ಚೀಟಿಯನ್ನು ನಾವು ಹೇಳದೆಯೇ ಜೋಪಾನ ಮಾಡುತ್ತದೆ. ಸ್ಕ್ರಿಪ್ಟಿಗೆ ನಾವೇ ಹೇಳಬೇಕು. ಇದಕ್ಕೆ ಬಹಳ ಬಳಕೆಯಲ್ಲಿರುವ ಸಾಧನ ಕರ್ಲ್. ಇದರ ಹುಟ್ಟೂ ನಮ್ಮ ವಿಷಯಕ್ಕೆ ಹೊಂದುವಂಥದ್ದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬವರು 1996ರ ಸುಮಾರಿಗೆ ವಿದೇಶಿ ಹಣದ ವಿನಿಮಯ ದರವನ್ನು ದಿನವೂ ತಾನಾಗಿ ತರಿಸಿಕೊಳ್ಳುವ ಸಲುವಾಗಿ, ಬ್ರೆಜಿಲ್‌ನ ರಫೇಲ್ ಸಗುಲಾ ಬರೆದಿದ್ದ ಚಿಕ್ಕ ಪ್ರೋಗ್ರಾಮೊಂದನ್ನು ತೆಗೆದುಕೊಂಡು ಬೆಳೆಸಿದರು. 1998ರಲ್ಲಿ ಅದಕ್ಕೆ ಕರ್ಲ್ ಎಂಬ ಹೆಸರಾಯಿತು.

ಕರ್ಲ್ ಆದೇಶದಲ್ಲಿ ಅಡ್ಡಗೆರೆಯ ಮುಂದೆ ಇಂಗ್ಲಿಷಿನ ಚಿಕ್ಕ 'ಸಿ' ಅಕ್ಷರ ಬರೆದು ಕಡತದ ಹೆಸರು ಕೊಟ್ಟರೆ ಬಂದ ಕುಕೀಗಳು ಅದರಲ್ಲಿ ಉಳಿಯುತ್ತವೆ. ಚಿಕ್ಕ 'ಬಿ' ಬರೆದರೆ ಕಡತದಲ್ಲಿರುವ ಕುಕೀಗಳು ಸರ್ವರಿಗೆ ಹೋಗುತ್ತವೆ. ಕ್ರಮ ಹೀಗೆ:

1. ಮೊದಲು ಲಾಗಿನ್ ಪುಟವನ್ನೇ ತರಿಸಿ, ಬಂದ ಕುಕೀಯನ್ನು ಕಡತದಲ್ಲಿ ಉಳಿಸಬೇಕು. ಅನೇಕ ತಾಣಗಳು ಲಾಗಿನ್ನಿಗೆ ಮೊದಲೇ ಒಂದು ಚೀಟಿ ಕೊಟ್ಟಿರುತ್ತವೆ.

2. ಆ ಪುಟದ ಫಾರಂನಲ್ಲಿ ಕಣ್ಣಿಗೆ ಕಾಣದ ಅಂಕಣಗಳಿವೆಯೇ ಎಂದು ಪುಟದ ಮೂಲ ಬರಹ ತೆರೆದು ನೋಡಬೇಕು. ಇದ್ದರೆ ಅವುಗಳ ಬೆಲೆಯನ್ನೂ ಹೆಸರು, ಪಾಸ್‌ವರ್ಡ್ ಜೊತೆಗೆ ಕಳಿಸಬೇಕು. ಈ ಬೆಲೆ ಸಲಸಲಕ್ಕೂ ಬದಲಾಗುವುದರಿಂದ ಒಮ್ಮೆ ನಕಲು ಮಾಡಿಟ್ಟರೆ ಸಾಲದು.

3. ಲಾಗಿನ್ ಕಳಿಸುವಾಗ 'ಬಿ', 'ಸಿ' ಎರಡನ್ನೂ ಅದೇ ಕಡತದ ಹೆಸರಿನೊಂದಿಗೆ ಕೊಡಬೇಕು. ಲಾಗಿನ್ ಆದ ಮೇಲೆ ಸರ್ವರು ಹಳೆಯ ಚೀಟಿ ರದ್ದು ಮಾಡಿ ಹೊಸದು ಕೊಡುವುದುಂಟು. 'ಸಿ' ಬಿಟ್ಟರೆ ಹೊಸ ಚೀಟಿ ಕಡತಕ್ಕೆ ಸೇರುವುದೇ ಇಲ್ಲ.

4. ಕೊನೆಗೆ, ಅದೇ ಕಡತವನ್ನು ತೋರಿಸಿ ಧಾರಣೆಯ ಪುಟ ಕೇಳಬೇಕು.

ಪೈಥಾನ್ ಭಾಷೆಯಲ್ಲಿ ಬರೆಯುವವರು ರಿಕ್ವೆಸ್ಟ್ಸ್ ಎಂಬ ಸಾಧನದ 'ಸೆಷನ್' ಬಳಸಿದರೆ ಚೀಟಿ ಇಟ್ಟುಕೊಳ್ಳುವ ಕೆಲಸ ತಾನಾಗಿ ಆಗುತ್ತದೆ. ಕಾಣದ ಅಂಕಣಗಳನ್ನು ಮಾತ್ರ ಅಲ್ಲೂ ನಾವೇ ನೋಡಬೇಕು. ಇನ್ನು ಕೆಲವು ತಾಣಗಳು ಪುಟ ಬಂದ ಮೇಲೆ ಜಾವಾಸ್ಕ್ರಿಪ್ಟ್ ಮೂಲಕ ಬ್ರೌಸರಿನೊಳಗೇ ಕುಕೀ ತಯಾರಿಸುತ್ತವೆ. ಕರ್ಲ್ ಜಾವಾಸ್ಕ್ರಿಪ್ಟನ್ನು ನಡೆಸುವುದಿಲ್ಲ, ಆದ್ದರಿಂದ ಅಂಥಲ್ಲಿ ಈ ಕ್ರಮ ಫಲಿಸದು.

ಬಂದದ್ದು ಧಾರಣೆಯ ಪುಟವೇ?

ಚೀಟಿಗೆ ವಾಯಿದೆ ಇರುತ್ತದೆ. ವಾಯಿದೆ ಮುಗಿದ ಮೇಲೆ ಕೇಳಿದರೆ ಅನೇಕ ಸರ್ವರುಗಳು ತಪ್ಪೆಂದು ಹೇಳದೆ, ಲಾಗಿನ್ ಪುಟವನ್ನೇ 'ಸರಿ' ಎಂಬ ಅರ್ಥದ 200 ಸಂಖ್ಯೆಯೊಂದಿಗೆ ಕಳಿಸಿಬಿಡುತ್ತವೆ. ಸ್ಕ್ರಿಪ್ಟಿಗೆ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ. ಪಟ್ಟಿಯಲ್ಲಿ ಮಾತ್ರ ಹಳೆಯ ಧಾರಣೆಯೇ ನಿಂತಿರುತ್ತದೆ. ಅದನ್ನೇ ಇವತ್ತಿನದೆಂದು ನಂಬಿ ಮಾರಿದರೆ, ಕ್ವಿಂಟಾಲಿಗೆ 1,000 ರೂಪಾಯಿ ವ್ಯತ್ಯಾಸವಿದ್ದಲ್ಲಿ 10 ಕ್ವಿಂಟಾಲು ಅಡಿಕೆಗೆ 10,000 ರೂಪಾಯಿ ಕೈಬಿಟ್ಟಂತೆ.

ಆದ್ದರಿಂದ ಬಂದ ಪುಟದಲ್ಲಿ ಇರಲೇಬೇಕಾದ ಎರಡು ಗುರುತುಗಳನ್ನು ಸ್ಕ್ರಿಪ್ಟು ಹುಡುಕಬೇಕು: ಆ ದಿನದ ತಾರೀಕು, ಮತ್ತು 'ರಾಶಿ', 'ಚಾಲಿ' ಅಥವಾ 'ಚೆರಿ' ಎಂಬಂಥ ಮಾಲಿನ ಹೆಸರು. ಎರಡೂ ಇಲ್ಲವಾದರೆ ಮತ್ತೊಮ್ಮೆ ಲಾಗಿನ್ ಮಾಡಿ ನೋಡಬೇಕು. ಆಗಲೂ ಸಿಗದಿದ್ದರೆ 'ಇಂದು ಧಾರಣೆ ಬಂದಿಲ್ಲ' ಎಂದು ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಪುಟದಲ್ಲಿ ತಪ್ಪು ಅಂಕಿ ಇರುವುದಕ್ಕಿಂತ ಖಾಲಿ ಅಂಕಣ ಮೇಲು.

ಕುಕೀ ಕಡತವೆಂದರೆ ಬೀಗದ ಕೈ

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಅಂಶವಿದು. ಚೀಟಿ ತೋರಿಸಿದವರೇ ಮಾಲಿನ ಒಡೆಯರೆಂದು ಗುಮಾಸ್ತರು ನಂಬುವ ಹಾಗೆ, ಕುಕೀ ತೋರಿಸಿದವರೇ ಖಾತೆದಾರರೆಂದು ಸರ್ವರು ನಂಬುತ್ತದೆ. ಪಾಸ್‌ವರ್ಡನ್ನು ಮತ್ತೆ ಕೇಳುವುದಿಲ್ಲ. ಕರ್ಲ್ ಉಳಿಸುವ ಕುಕೀ ಕಡತವೋ, ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಬರಹ. ಒಂದೊಂದು ಸಾಲಿನಲ್ಲಿ 7 ಅಂಕಣಗಳು, ಕೊನೆಯದೇ ಆ ನಂಬರು.

ಹಾಗಾಗಿ ಈ ಕಡತವನ್ನು ಹಲವರು ಬಳಸುವ ಕಂಪ್ಯೂಟರಿನಲ್ಲಿ ಬಿಡಬಾರದು, ಪೆನ್ ಡ್ರೈವಿನಲ್ಲಿ ಕೊಡಬಾರದು, ಸಹಾಯ ಕೇಳುವ ನೆಪದಲ್ಲಿ ವಾಟ್ಸಾಪ್ ಗುಂಪಿಗೆ ಹಾಕಬಾರದು. ಕಡತವನ್ನು ಅಳಿಸುವುದಷ್ಟೇ ಸಾಲದು. ತಾಣದಿಂದ ಲಾಗೌಟ್ ಆದರೆ ಸರ್ವರಿನ ಪುಸ್ತಕದಲ್ಲೂ ಆ ನಂಬರು ರದ್ದಾಗಬೇಕು, ಸರಿಯಾಗಿ ಕಟ್ಟಿದ ತಾಣಗಳಲ್ಲಿ ಹಾಗೆ ಆಗುತ್ತದೆ. ಬ್ಯಾಂಕಿನ ತಾಣಗಳ ಮೇಲೆ ಈ ಪ್ರಯೋಗವನ್ನು ಮಾಡಲೇಕೂಡದು.

ಅನುಮತಿಯ ವಿಚಾರ

ತರಿಸಲು ಬರುತ್ತದೆಂದ ಮಾತ್ರಕ್ಕೆ ತರಿಸಬಹುದೆಂದು ಅರ್ಥವಲ್ಲ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ಮಾಹಿತಿ ಇಳಿಸಿಕೊಂಡು ನಕಲು ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೇ ಸೆಕ್ಷನ್ನಿನಡಿ ಪರಿಹಾರಕ್ಕೆ ಗುರಿಮಾಡುತ್ತದೆ. ತಾಣದ ನಿಬಂಧನೆಗಳನ್ನು ಓದಿಕೊಳ್ಳಬೇಕು. ಒಟಿಪಿ ಅಥವಾ ಚಿತ್ರದ ಅಕ್ಷರ ಗುರುತಿಸುವ ಪರೀಕ್ಷೆ ಇಟ್ಟಿದ್ದರೆ, ಯಂತ್ರ ಬರುವುದು ಬೇಡವೆಂದು ಅವರು ಹೇಳಿದಂತೆಯೇ ಸರಿ. ಅದನ್ನು ದಾಟಲು ದಾರಿ ಹುಡುಕಬಾರದು. ಅನುಮತಿ ಇರುವಲ್ಲಿಯೂ ದಿನಕ್ಕೊಮ್ಮೆ ಕೇಳಿದರೆ ಸಾಕು, ನಿಮಿಷಕ್ಕೊಮ್ಮೆ ಕೇಳಿ ಸರ್ವರಿಗೆ ಹೊರೆಯಾಗಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲು, ಬೇರೆ ದಾರಿ ಇದೆಯೇ ಎಂದು ನೋಡುವುದು ಜಾಣತನ. ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ದೇಶದ ಮಾರುಕಟ್ಟೆಗಳ ದೈನಂದಿನ ಧಾರಣೆಯನ್ನು ಪ್ರೋಗ್ರಾಮುಗಳು ನೇರವಾಗಿ ಪಡೆಯುವ ವ್ಯವಸ್ಥೆಯೇ ಇದೆ. ಹೆಸರು ನೋಂದಾಯಿಸಿ ಒಂದು ಕೀಲಿಸಂಖ್ಯೆ ಪಡೆದರಾಯಿತು, ಅಲ್ಲಿ ಕುಕೀಯ ತಂಟೆಯಿಲ್ಲ. ತಮಗೆ ಬೇಕಾದ ಮಾರುಕಟ್ಟೆ ಅದರಲ್ಲಿ ಸಿಗದಿದ್ದಾಗ ಮಾತ್ರ, ಆಯಾ ತಾಣದವರನ್ನು ಕೇಳಿಕೊಂಡು ಮೇಲಿನ ಕ್ರಮವನ್ನು ಅನುಸರಿಸುವುದು ಒಳ್ಳೆಯದು.