ಹುಲ್ಲುಹಾಸು ಹೋಗಿ ಸೊಪ್ಪಿನ ಮಡಿ
ಹಲವು ವರ್ಷ ನಾವು ಮನೆಯ ಮುಂದಿನ ಹುಲ್ಲುಹಾಸಿಗೆ ನೀರೆರೆದೆವು. ಅದರಿಂದ ತಟ್ಟೆಗೆ ಏನೂ ಬರಲಿಲ್ಲ. ರಕ್ತಹೀನತೆಯಿಂದ ಬಳಲಿ ಬರುವ ತಾಯಂದಿರಿಗೆ ನಿತ್ಯವೂ ಸೊಪ್ಪು ಸೇವಿಸಿರೆಂದು ಹೇಳುವ ನಮ್ಮ ಅಂಗಳದಲ್ಲಿಯೇ ಸೊಪ್ಪಿಲ್ಲದಿರುವುದು ನಾಚಿಕೆಯೆನಿಸಿತು. ಕಳೆದ ಮಳೆಗಾಲ ಮುಗಿದೊಡನೆ ಹುಲ್ಲನ್ನು ಬೇರುಸಹಿತ ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಮೆಂತ್ಯ, ದಂಟು ಬಿತ್ತಿದೆವು. ಬೇಲಿಯಂಚಿಗೆ ನುಗ್ಗೆ ನೆಟ್ಟೆವು. 25-30 ದಿನಗಳಲ್ಲಿ ಮೆಂತ್ಯ ಕೊಯ್ಲಿಗೆ ಬಂದಿತು.

ಕೊಯ್ದ ಸೊಪ್ಪು ಬಾಡಿದಂತೆ ಅದರ ‘ಸಿ’ ಜೀವಸತ್ವ ಕುಗ್ಗುತ್ತದೆ. ಅಂಗಳದ ಸೊಪ್ಪಿನ ಮೇಲ್ಮೆ ಇರುವುದು ಇಲ್ಲಿಯೇ. ಪಲ್ಯ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟದೊಡನೆ ಚಹಾ ಬೇಡ. ಕಳೆನಾಶಕ ಸಿಂಪಡಿಸಿದ ನೆಲದಲ್ಲಿ ಕೂಡಲೇ ಬಿತ್ತಬಾರದು. ತೀವ್ರ ರಕ್ತಹೀನತೆಗೆ ಸೊಪ್ಪೊಂದೇ ಸಾಲದು, ವೈದ್ಯರನ್ನು ಕಾಣಲೇಬೇಕು.

ಸದ್ಭಕ್ತರು ಅಂಗಳದ ಒಂದು ಮೂಲೆಯಲ್ಲಾದರೂ ಸೊಪ್ಪು ಬೆಳೆಯಲಿ.