ಮೊಹೇರ್ ಮೇಕೆ: ಒಂದು ಹೋತ ತಂದರೆ ಸಾಕೆ?

ಮುಂಬಯಿಯ ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಸೂಟಿನ ಬಟ್ಟೆ ನೋಡುವಾಗ ಮೊಹೇರ್ ಎಂದರೆ ಅಂಗೋರಾ ಮೊಲದ ಕೂದಲು ಎಂದುಕೊಳ್ಳುವವರಿದ್ದಾರೆ. ಅಲ್ಲ, ಅದು ಅಂಗೋರಾ ಮೇಕೆಯ ರೋಮ. ಇದು ಸಣ್ಣ ಗೊಂದಲ. ತಳಿಯ ಬಗೆಗಿನ ತಪ್ಪು ಕಲ್ಪನೆಗಳು ಇದಕ್ಕಿಂತ ಗಟ್ಟಿ.

ತಪ್ಪು ಕಲ್ಪನೆ: ಅಂಗೋರಾ ಹೋತವನ್ನು ನಾಡ ಮೇಕೆಗೆ ಕೂಡಿಸಿದರೆ ಮರಿಗಳೆಲ್ಲ ಮೊಹೇರ್ ಕೊಡುತ್ತವೆ.

ಸತ್ಯ: ಮಹಾರಾಷ್ಟ್ರದಲ್ಲೇ ಇದನ್ನು ಮಾಡಿ ನೋಡಿದ್ದಾರೆ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದಲ್ಲಿ ಅಂಗೋರಾ ಹೋತಗಳನ್ನು ಸಂಗಮನೇರಿ ಮೇಕೆಗಳಿಗೆ ಕೂಡಿಸಿದರು. ಸಂಗಮನೇರಿ ಹಾಲಿಗೂ ಮಾಂಸಕ್ಕೂ ಸಾಕುವ, ಗಿಡ್ಡ ಒರಟು ಕೂದಲಿನ ತಳಿ. ಇಂಥ ಮೊದಲ ತಲೆಮಾರಿನ ಮರಿಗಳಲ್ಲಿ ನಯವಾದ ಎಳೆಗಳ ನಡುವೆ ಒಳಗೆ ಟೊಳ್ಳಾದ, ಸುಣ್ಣದಂತೆ ಬೆಳ್ಳಗಿನ ಒರಟು ಕೂದಲು ತುಂಬಿಕೊಂಡಿರುತ್ತದೆ. ಅದಕ್ಕೆ ಬಣ್ಣ ಸರಿಯಾಗಿ ಕೂರದು. ಕಪ್ಪು ಬಟ್ಟೆಯಲ್ಲಿ ಬಿಳಿಯಾಗಿ ಎದ್ದು ಕಾಣುತ್ತದೆ, ಮುಟ್ಟಿದರೆ ಚುಚ್ಚುತ್ತದೆ. ಹೆಣ್ಣುಮರಿಗಳನ್ನು ಮತ್ತೆ ಮತ್ತೆ ಅಂಗೋರಾ ಹೋತಕ್ಕೇ ಕೂಡಿಸಿ, ಎಂಟರಲ್ಲಿ ಏಳು ಪಾಲು ಅಂಗೋರಾ ಆಗುವ ಹೊತ್ತಿಗೆ ಮೊಹೇರ್ ಎನ್ನಬಹುದಾದ ರೋಮ ಕಾಣುತ್ತದೆ. ಅಂದರೆ ಕನಿಷ್ಠ ಮೂರು ತಲೆಮಾರು. ಒರಟು ಕೂದಲಿನವನ್ನು ಪ್ರತಿ ಸಲವೂ ಬೇರ್ಪಡಿಸಬೇಕು.

ತಪ್ಪು ಕಲ್ಪನೆ: ಹೆಚ್ಚು ರೋಮ ಬಿಡುವ ಹೋತವೇ ಉತ್ತಮ ಹೋತ.

ಸತ್ಯ: ತೂಕವೂ ದಪ್ಪವೂ ಬಹುಮಟ್ಟಿಗೆ ಜೊತೆಯಾಗಿ ಬರುವ ಗುಣಗಳು. ತೂಕವನ್ನಷ್ಟೇ ನೋಡಿ ಆರಿಸಿದರೆ ಎಳೆ ದಪ್ಪವಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೋಮದ ಆಸೆಗೇ ಆರಿಸುತ್ತ ಹೋಗಿ, ಮೈ ಬಡಕಲಾಗಿ ಗಬ್ಬ ಕಳೆದುಕೊಳ್ಳುವ ಮೇಕೆಗಳೂ ಹೆಚ್ಚಿದವು. ಮೇವು ಚೆನ್ನಾಗಿದ್ದರೆ ರೋಮ ನಯವಾಗುತ್ತದೆ ಎನ್ನುವುದೂ ಉಲ್ಟಾ ಮಾತು: ಇಳುವರಿ ಏರುತ್ತದೆ, ಎಳೆಯೂ ದಪ್ಪವಾಗುತ್ತದೆ.

ಇನ್ನು ವಯಸ್ಸು. ಎಂಥ ಕುಲೀನ ತಳಿಯಾದರೂ ಮರಿಯ ರೋಮ ಸುಮಾರು 25 ಮೈಕ್ರಾನ್ ಇದ್ದರೆ, ಬೆಳೆದ ಮೇಲೆ 35 ದಾಟಬಹುದು.

ಬೀಜದ ಹೋತದ ಬೆಲೆ ಅಂಗೋರಾ ಮೇಕೆಯ ತವರಾದ ಟರ್ಕಿಯವರಿಗೆ ಮೊದಲೇ ಗೊತ್ತಿತ್ತು. 1838ರಲ್ಲಿ ಕರ್ನಲ್ ಹೆಂಡರ್ಸನ್ ಎಂಬವರು ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೆ ಒಯ್ದ ಹೋತಗಳಿಗೆಲ್ಲ ಬೀಜ ಒಡೆಸಿ ಕಳಿಸಿದ್ದರಂತೆ. ಜೊತೆಗಿದ್ದ ಒಂದೇ ಹೆಣ್ಣು ದಾರಿಯಲ್ಲಿ ಗಂಡುಮರಿ ಈದು ವಂಶ ಉಳಿಯಿತು ಎಂದು ದಕ್ಷಿಣ ಆಫ್ರಿಕಾದವರು ಹೇಳುತ್ತಾರೆ. ಇಂದು ಜಗತ್ತಿನ ಮೊಹೇರಿನಲ್ಲಿ ಹೆಚ್ಚುಕಡಿಮೆ ಅರ್ಧ ಆ ದೇಶದ್ದೇ.

ಬಟ್ಟೆ ಕೊಳ್ಳುವಾಗ ಮೊಹೇರ್ ಶೇಕಡಾ ಎಷ್ಟು ಎಂದಷ್ಟೇ ಕೇಳಬೇಡಿ. ಮರಿಯದೋ ಬೆಳೆದ ಮೇಕೆಯದೋ ಎಂದೂ ಕೇಳಿ. ಗಾಢ ಬಣ್ಣದ ತುಂಡನ್ನು ಬೆಳಕಿಗೆ ಹಿಡಿದು, ಬಿಳಿ ಒರಟು ಕೂದಲು ಕಂಡರೆ ಬೇರೆ ಥಾನು ತೆಗೆಸಿ.