ನಿಮಗಿದು ಗೊತ್ತೆ? ನೀರಿಗೆ ಅಂಜದ ಉಂಗುರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ತೋಟಕ್ಕೆ ನೀರು ಹಾಯಿಸುವವರ, ಮುಸುರೆ ತಿಕ್ಕುವವರ ಕೈ ಒಣಗುವುದೇ ಕಡಿಮೆ. ಅಂಥ ಬೆರಳಿಗೆ ಯಾವ ಉಂಗುರ ಸರಿ?

● 22 ಕ್ಯಾರೆಟ್‌ ಚಿನ್ನದಲ್ಲಿ ಶೇ 91.6ರಷ್ಟು ಅಪ್ಪಟ ಚಿನ್ನ. ಹಾಲ್‌ಮಾರ್ಕ್‌ನಲ್ಲಿ ‘916’ ಎಂದಿರುತ್ತದೆ. ನೀರಿಗೆ ಕೆಡದು. ಟೈಟಾನಿಯಂ ಕೂಡ ಅಷ್ಟೇ.

● ತಾಮ್ರ ಬೆರಳಿಗೆ ಹಸಿರು ಕಲೆ ಬಿಡುತ್ತದೆ. ಗಂಧಕದ ಅಂಶ ತಾಕಿದರೆ ಬೆಳ್ಳಿ ಕಪ್ಪಾಗುತ್ತದೆ.

● ‘ಒನ್‌ ಗ್ರಾಂ ಗೋಲ್ಡ್‌’ ಲೇಪ ಉಜ್ಜಿದಷ್ಟೂ ಸವೆಯುತ್ತದೆ.

● ಮುತ್ತು, ಹವಳ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್‌. ಹುಣಸೆ, ನಿಂಬೆಯ ಹುಳಿ ಅವುಗಳ ಹೊಳಪನ್ನು ತಿನ್ನುತ್ತದೆ.

● ಬ್ಲೀಚಿಂಗ್‌ ಪೌಡರ್‌ ಹಾಕಿ ತೊಟ್ಟಿ ತೊಳೆಯುವಾಗ, ಮೋಟರ್‌ ರಿಪೇರಿ ಮಾಡುವಾಗ ಯಾವ ಲೋಹದ ಉಂಗುರವೂ ಬೇಡ.

ಬೆರಳಲ್ಲಿ ಉಂಗುರ ಸಿಕ್ಕಿಕೊಂಡರೆ ಎಳೆಯಬೇಡಿ. ಕೊಬ್ಬರಿ ಎಣ್ಣೆ ಸವರಿ, ಮೆಲ್ಲಗೆ ತಿರುಗಿಸುತ್ತಾ ತೆಗೆಯಿರಿ.